ಚಿನ್ನಯ್ಯನವರ ಕೆಂಪು

ಮಡಂತ್ಯಾರಿನ ಚಿನ್ನಯ್ಯ ಇಪ್ಪತ್ತು ವರ್ಷ ಅಂಗಡಿಗಳ ಬೋರ್ಡು ಬರೆದವರು. ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟು ಕಂಪ್ಯೂಟರಿನಲ್ಲಿ ಡಿಸೈನ್ ಕಲಿತರು. ೨೦೦೮ರಲ್ಲಿ ಒಳ್ಳೆಯದೊಂದು ಲ್ಯಾಪ್‌ಟಾಪ್ ಕೊಳ್ಳಲು ಬಿ.ಸಿ.ರೋಡಿನ ಉಮ್ಮರ್ ಅವರ ಅಂಗಡಿಗೆ ಹೋದರು.

ಉಮ್ಮರ್ ಮೆಮೊರಿ, ಗ್ರಾಫಿಕ್ಸ್ ಕಾರ್ಡ್ ಎಂದು ಶುರುಮಾಡಿದರು. "ಅದೆಲ್ಲ ಇರಲಿ. ಸ್ಕ್ರೀನ್ ತುಂಬ ಕೆಂಪು ಹಾಕಿ, ನೋಡುವ" ಎಂದರು ಚಿನ್ನಯ್ಯ. ಗಲ್ಲಾದ ಹಿಂದಿನ ಗೋಡೆಯಲ್ಲಿ, ಹಿಂದೊಮ್ಮೆ ಅವರೇ ಬರೆದುಕೊಟ್ಟ ಅಂಗಡಿಯ ಕೆಂಪು ಬೋರ್ಡಿತ್ತು. ಒಂದೊಂದೇ ಲ್ಯಾಪ್‌ಟಾಪನ್ನು ಎತ್ತಿ ಅದರ ಪಕ್ಕ ಹಿಡಿದರು. ಒಂದರ ಕೆಂಪು ಕಿತ್ತಳೆಯಂತಿತ್ತು, ಇನ್ನೊಂದರದು ಗುಲಾಬಿ. ಕೊನೆಯದು ಮಾತ್ರ ಬೋರ್ಡಿನ ಬಣ್ಣಕ್ಕೆ ಸರಿಯಾಗಿ ತಾಳೆಯಾಯಿತು.

"ಇದು ನನ್ನ ಕೆಂಪು!" ಎಂದು ಚಿನ್ನಯ್ಯ ಹಿಗ್ಗಿದರು. ಇಡೀ ಅಂಗಡಿಯಲ್ಲಿ ಅದಕ್ಕಿಂತ ದುಬಾರಿಯದು ಇರಲಿಲ್ಲ.

ಉಮ್ಮರ್ ನಕ್ಕುಬಿಟ್ಟರು. "ಚಿನ್ನಯ್ಯಣ್ಣ, ಅವತ್ತು ನೀವು ಸ್ವಲ್ಪ ಕೆಟ್ಟ ಬಣ್ಣ ಬಳಿದಿದ್ದರೆ ಇವತ್ತು ಅಗ್ಗದ್ದೇ ಸಾಕಾಗ್ತಿತ್ತಲ್ಲ ಮಾರಾಯ್ರೆ!"