ಸಾವಿತ್ರಿಯ ಕೊನೆಯ ಮಳೆಗಾಲ

ತೊಂಬತ್ತರ ದಶಕದಲ್ಲಿ ನಾನು ಕೆ.ಆರ್. ಪೇಟೆಯಲ್ಲಿ ಕಾಲೇಜು ಮೇಷ್ಟ್ರು. ನನ್ನ ವಿದ್ಯಾರ್ಥಿನಿ ಸಾವಿತ್ರಿ ಎರಡು ವರ್ಷದಿಂದ ತನ್ನೂರು ಸಿಂಧಘಟ್ಟದ ಕೆರೆ ನೀರನ್ನು ಪರೀಕ್ಷೆ ಮಾಡುತ್ತಿದ್ದಳು. ಕೊನೆಯ ಮಳೆಗಾಲವೊಂದು ಬಾಕಿಯಿರುವಾಗ ಕಾಲೇಜಿಗೆ ಬರುವುದನ್ನೇ ನಿಲ್ಲಿಸಿದಳು. ವಿಚಾರಿಸಲು ಮನೆಗೆ ಹೋದರೆ, ಗಂಡಿನ ಕಡೆಯವರು ಮದುವೆ ಮಾತಿಗೆ ಬಂದು ಕೂತಿದ್ದರು.

"ಇನ್ನೇನ್ ಕೆರೆ ನೀರು ಬುಡಿ ಸಾ, ಮುಂದಿನ್ ತಿಂಗ್ಳೇ ಮದ್ವೆ," ಅಂದರು ಅವಳಪ್ಪ.

ಪಾಂಡವಪುರದ ಗಂಡು ನನ್ನ ಕಡೆ ತಿರುಗಿ ಕೇಳಿದ: "ಅದು ಮುಗಿಯಾಕೆ ಎಷ್ಟ್ ದಿನ ಬೇಕು ಸಾ?"

ಒಳಗಿನಿಂದ ಸಾವಿತ್ರಿಯೇ ಉತ್ತರ ಕೊಟ್ಟಳು: "ಮಳೆಗಾಲ ಮುಗಿಯೋಗಂಟ."

"ಅಂಗಾರೆ ಮಳೆ ನಿಂತ ಮ್ಯಾಕೇ ಮದ್ವೆ ಇಟ್ಕೊಳಾನ," ಅಂದ ಅವನು.

ಸಾವಿತ್ರಿ ಕೆಲಸ ಪೂರ್ತಿ ಮುಗಿಸಿ ವರದಿ ಕೊಟ್ಟಳು. ಆ ವರ್ಷ ದೀಪಾವಳಿ ಕಳೆದರೂ ಮಳೆ ಬಿಡಲಿಲ್ಲ. ಮೋಡ ಕಂಡು ಮುಖ ಸಣ್ಣಗೆ ಮಾಡಿಕೊಂಡವನು ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ ಇರಬೇಕು.