ಶಾಂತವ್ವ ಬಿಟ್ಟುಕೊಡದ ಪೈಲಟ್ ಸೀಟು

"ಅಕ್ಕಾರ, ಏಳ್ರಿ! ನೀವು ಕುಂತಿದ್ದು ಯುದ್ಧವಿಮಾನದ ಸೀಟು!"

ಹಳಿಯಾಳದ ಗುಜರಿ ಅಂಗಡಿಯಲ್ಲಿ ನಾನು ಕೂಗಿಯೇಬಿಟ್ಟೆ. ವಾಯುಪಡೆಯಲ್ಲಿ ಇಂಥ ಸೀಟುಗಳನ್ನೇ ರಿಪೇರಿ ಮಾಡಿ ನಿವೃತ್ತನಾದವನು ನಾನು. ಅದು ಕುಲುಮೆ ಸೇರುವ ಮೊದಲು ಕೊಂಡು ಉಳಿಸುತ್ತೇನೆಂದು ಆತುರದಿಂದ ಹೇಳಿದೆ.

ಅಂಗಡಿಯೊಡತಿ ಶಾಂತವ್ವ ಕದಲಲಿಲ್ಲ. "ನೀವೇನ್ ಉಳಸ್ತೀರಿ? ಇದರ ಜೋಡಿ ಬಂದದ್ದೆಲ್ಲಾ ಕರಗಾಕ ಹೋತ್ರಿ. ನಮ್ಮನಿಯವ್ರು ಇದನ್ನೂ ಲಾರಿಗೆ ಹಾಕಾಕ ಬಂದ್ರು. ಆವತ್ತ ಕುಂತಾಕಿ ಇನ್ನೂ ಎದ್ದಿಲ್ಲ ನೋಡ್ರಿ!"

ಮುಂದಿನ ವಾರ ನನ್ನೂರು ದಾಂಡೇಲಿಯಿಂದ ಮತ್ತೆ ಹೋಗಿ, ಸೀಟಿನ ಕೊಳೆ ತೊಳೆದು, ಹರಿದುಹೋಗಿದ್ದ ಬೆಲ್ಟಿನ ಜಾಗಕ್ಕೆ ಹೊಸದನ್ನು ಹೊಲಿಸಿ ಹಾಕಿ ಬಂದೆ.

ನಾನು ಉಳಿಸಲು ಹೋದ ಸೀಟು ಅಂಗಡಿಯಲ್ಲೇ ಇದೆ. ಯಾರಾದರೂ ಚೌಕಾಶಿಗೆ ಇಳಿದರೆ ಶಾಂತವ್ವ ಮೊದಲು ಬೆಲ್ಟು ಬಿಗಿದುಕೊಳ್ಳುತ್ತಾರೆ.