ಸೊನ್ನೆಯ ಕೆಳಗೆ ಇಳಿಯದ ಗೆರೆ

ಹುಣ್ಣಿಮೆ ಬಂತೆಂದರೆ ಉಗರಗೋಳದಲ್ಲಿ ಫೋನು ಸತ್ತಂತೆಯೇ. ಪಕ್ಕದ ಗುಡ್ಡದ ದೇವಿಯ ದರ್ಶನಕ್ಕೆ ಬಂದವರೆಲ್ಲ ಒಟ್ಟಿಗೆ ಫೋನು ಹಚ್ಚಿದರೆ ನೆಟ್‌ವರ್ಕು ಪಾಪ ಏನು ಮಾಡೀತು? ನನ್ನ ಹಣೆಬರಹ ನೋಡಿ, ಕಂಪ್ಯೂಟರಿಗೆ ಕೊಟ್ಟ ನನ್ನ ಲೆಕ್ಕ ಮುಗಿಯುವುದೂ ಅದೇ ದಿನವಾಗಬೇಕೇ!

ಪಿಎಚ್‌ಡಿಗೆ ನಾನು ಹುಡುಕುತ್ತಿದ್ದದ್ದು ಶಾಖದಿಂದ ಕರೆಂಟು ಕೊಡುವ ಅರೆವಾಹಕ. ಯಾತ್ರಿಕರಿಗೆ ನೀರು ಕಾಯಿಸುವ ನಮ್ಮ ಹಂಡೆಯನ್ನೇ ತೋರಿಸಿ ಅತ್ತೆಗೆ ಹೇಳಿದ್ದೆ: ಒಂದು ಮಗ್ಗುಲು ಕಾದಿರಬೇಕು, ಇನ್ನೊಂದು ತಣ್ಣಗಿರಬೇಕು, ನಡುವೆ ಇಂಥದ್ದೊಂದು ಚೂರಿಟ್ಟರೆ ಕರೆಂಟು ಹುಟ್ಟುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಹೊಸ ಪದಾರ್ಥ ಭರ್ಜರಿಯಾಗಿ ಕಂಡಿತ್ತು. ಆದರೆ ಅದರ ಪರಮಾಣುಗಳ ಕಂಪನದ ಗ್ರಾಫಿನಲ್ಲಿ ಒಂದು ಗೆರೆ ಸೊನ್ನೆಗಿಂತ ಕೆಳಗಿಳಿದಿತ್ತು. ಹಾಗೆ ಇಳಿದರೆ ಆ ರಚನೆ ನಿಲ್ಲುವುದಿಲ್ಲ ಎಂದರ್ಥ. ಪರಮಾಣುಗಳನ್ನು ಇನ್ನಷ್ಟು ನಿಖರವಾಗಿ ಅವುಗಳ ಜಾಗದಲ್ಲಿ ಕೂರಿಸಿ ಮತ್ತೆ ಲೆಕ್ಕ ಹಾಕು, ಆಗಲೂ ಇಳಿದರೆ ಇದನ್ನು ಕೈಬಿಡು ಎಂದಿದ್ದರು ಗೈಡು. ಕೈಬಿಟ್ಟರೆ ಎರಡು ವರ್ಷದ ದುಡಿಮೆ ಮಣ್ಣುಪಾಲು.

ಉತ್ತರ ದೂರದ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಕೂತಿದೆ, ನನ್ನ ಲ್ಯಾಪ್‌ಟಾಪಿನಲ್ಲಿ ಬರೀ ಚಕ್ರ ತಿರುಗುತ್ತಿದೆ. ನನಗೆಲ್ಲಿಯ ತಾಳ್ಮೆ? ಸಿಗ್ನಲ್ ಸಿಗುವಲ್ಲಿಗೆ ಹೋಗೋಣವೆಂದು ಲ್ಯಾಪ್‌ಟಾಪ್ ಹಿಡಿದು ಸ್ಕೂಟಿ ತೆಗೆದೆ. ಈ ಗದ್ದಲದಲ್ಲಿ ಒಬ್ಬಳೇ ಹೋಗಬೇಡವೆಂದು ಅತ್ತೆ ಹಿಂದೆ ಏರಿ ಕೂತರು. ಗುಡ್ಡಕ್ಕೆ ಬರುವ ಗಾಡಿಗಳೆಲ್ಲ ಎದುರಿಗೆ, ನಾವಿಬ್ಬರೇ ಉಲ್ಟಾ. ಸವದತ್ತಿಯಲ್ಲೂ ಸಿಗ್ನಲ್ಲಿಲ್ಲ. ಬೈಲಹೊಂಗಲದ ರಸ್ತೆ ಹಿಡಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಪರ್ಸಿನಲ್ಲಿದ್ದ ಫೋನು ಟಣ್ ಟಣ್ ಎಂದಿತು. ಗಕ್ಕನೆ ಬ್ರೇಕು ಹಾಕಿದೆ. ಅತ್ತೆ ಚೆನ್ನಾಗಿ ಬೈದರು.

ಬೇವಿನ ಮರದ ಕೆಳಗೆ ಸ್ಕೂಟಿಯ ಸೀಟಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದೆ. ಗ್ರಾಫು ಬಂತು. ಯಾವ ಗೆರೆಯೂ ಸೊನ್ನೆಯ ಕೆಳಗಿರಲಿಲ್ಲ. ದೊಡ್ಡದು ಮಾಡಿ ನೋಡಿದೆ, ಇಲ್ಲವೇ ಇಲ್ಲ. ನಿಂತಿತು, ನನ್ನ ಪದಾರ್ಥ ನಿಂತಿತು ಎಂದು ರಸ್ತೆ ಬದಿಯಲ್ಲೇ ಹುಚ್ಚಿಯಂತೆ ಚೀರಿದೆ. ಹಾದುಹೋಗುತ್ತಿದ್ದ ಟ್ರ್ಯಾಕ್ಟರಿನವರು ತಿರುಗಿ ನೋಡಿದರು, ನೋಡಲಿ ಬಿಡಿ.

ಅತ್ತೆಯೂ ನಕ್ಕರು. ಆಮೇಲೆ, ಎಲ್ಲಿದೆ ಆ ಪದಾರ್ಥ, ಒಮ್ಮೆ ಕೈಗೆ ಕೊಡು ನೋಡೋಣ ಎಂದರು. ನನ್ನ ಹುರುಪು ಅರ್ಧ ಇಳಿಯಿತು.

"ಎಲ್ಲೂ ಇಲ್ಲರಿ ಅತ್ತಿ. ಇನ್ನೂ ಯಾರೂ ಮಾಡಿಲ್ಲ. ಬರೇ ಲೆಕ್ಕದಾಗ ಐತಿ."

ಅವರು ಪರದೆಯನ್ನು ಇಣುಕಿ ನೋಡಿದರು.

"ಅಂದ್ರ, ಇದು ನಿಂತದ್ದನ್ನ ಜಗತ್ತಿನಾಗ ಮೊದಲ ನೋಡಿದಾಕಿ ನೀನ?"

ನಾನು ಹಾಗೆ ಯೋಚಿಸಿಯೇ ಇರಲಿಲ್ಲ. ಗೈಡಿಗೂ ಇನ್ನೂ ತಿಳಿಸಿರಲಿಲ್ಲ.

"ನಾನೊಬ್ಬಾಕಿ ಅಲ್ಲರಿ. ನಾವಿಬ್ಬರು."

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಲು ಬಾಗಿದರು.